ಚೆನ್, ಚಾನ್, ಟಾನ್, ಟ್ರಾನ್: ಹೆಸರು ಒಂದೇ, ರಕ್ತ ಒಂದೇ ಅಲ್ಲ

ನಮಸ್ಕಾರ. ಸಿಂಗಪುರದ ಟಾನ್, ಹಾಂಗ್‌ಕಾಂಗ್‌ನ ಚಾನ್, ವಿಯೆಟ್ನಾಂನ ಟ್ರಾನ್, ತೈವಾನ್‌ನ ಚೆನ್. ಕಿವಿಗೆ ಇವು ನಾಲ್ಕು ಬೇರೆ ಬೇರೆ ಹೆಸರು. ಚೀನೀ ಲಿಪಿಯಲ್ಲಿ ಬರೆದರೆ ನಾಲ್ಕೂ ಒಂದೇ ಅಕ್ಷರ. ತೈವಾನ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನರಿಗೆ ಇರುವ ಸರ್‌ನೇಮ್ ಇದು. ಸಿಂಗಪುರದ ಚೀನೀಯರಲ್ಲೂ ಇದಕ್ಕೇ ಮೊದಲ ಸ್ಥಾನ. ವಿಯೆಟ್ನಾಂನಲ್ಲಿ ಎರಡನೆಯದು.

ಇವರೆಲ್ಲರೂ ಒಬ್ಬನೇ ಮೂಲಪುರುಷನ ಮಕ್ಕಳು ಎಂದು ಮನೆತನದ ವಂಶಾವಳಿಗಳು ಹೇಳುತ್ತವೆ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದೇ ಇದ್ದರೂ ಈ ಹೆಸರಿನ ಮೇಲಿನ ಗೌರವ ನನಗೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಮೂಲಪುರುಷನ ಕಥೆ. ಕ್ರಿ.ಪೂ. 11ನೇ ಶತಮಾನದಲ್ಲಿ ಜೋ ವಂಶದ ರಾಜ ವೂ ಶಾಂಗ್ ರಾಜ್ಯವನ್ನು ಸೋಲಿಸಿದ. ಪುರಾಣದ ದೊರೆ ಶುನ್‌ನ ವಂಶದವನು ಎನ್ನಲಾದ ಗುಯಿ ಮಾನ್ ಎಂಬವನಿಗೆ ಚೆನ್ ಎಂಬ ಸೀಮೆಯನ್ನು ಕೊಟ್ಟ. ಅದು ಇವತ್ತಿನ ಹೆನಾನ್ ಪ್ರಾಂತ್ಯದ ಹುವಾಯ್‌ಯಾಂಗ್ ಸುತ್ತಲಿನ ನೆಲ. ಕ್ರಿ.ಪೂ. 5ನೇ ಶತಮಾನದಲ್ಲಿ ಚೂ ರಾಜ್ಯದವರು ಚೆನ್ ರಾಜ್ಯವನ್ನು ನುಂಗಿಹಾಕಿದರು. ರಾಜ್ಯ ಹೋಯಿತು, ಅದರ ಹೆಸರು ಮಾತ್ರ ಅಲ್ಲಿಯ ಜನರಿಗೆ ಉಳಿಯಿತು. ಅದಕ್ಕೂ ಮೊದಲೇ, ಕ್ರಿ.ಪೂ. 672ರಲ್ಲಿ, ಚೆನ್ ವಾನ್ ಎಂಬ ರಾಜಕುಮಾರ ಚೀ ರಾಜ್ಯಕ್ಕೆ ಓಡಿಹೋಗಿದ್ದ. ಅವನ ಸಂತತಿಯವರು ಟಿಯಾನ್ ಎಂದು ಕರೆಸಿಕೊಂಡರು. ಕ್ರಿ.ಪೂ. 386ರ ಹೊತ್ತಿಗೆ ಆಶ್ರಯ ಕೊಟ್ಟ ಆ ರಾಜ್ಯಕ್ಕೆ ಅವರೇ ದೊರೆಗಳಾಗಿದ್ದರು! ಅಂದರೆ ರಾಜವಂಶದ ಒಂದು ದೊಡ್ಡ ಕೊಂಬೆಯೇ ಚೆನ್ ಎಂಬ ಹೆಸರನ್ನು ಬಿಟ್ಟಿತ್ತು.

ಬಿಟ್ಟವರು ಇದ್ದ ಹಾಗೆ, ಹೊರಗಿನಿಂದ ಬಂದು ಹಿಡಿದುಕೊಂಡವರೂ ಇದ್ದಾರೆ. ಉತ್ತರ ವೇಯ್ ರಾಜ್ಯವನ್ನು ಆಳಿದವರು ಷಿಯಾನ್‌ಬೇಯ್ ಎಂಬ ಹುಲ್ಲುಗಾವಲಿನ ಜನ. ಅವರ ಚಕ್ರವರ್ತಿ ಷಿಯಾವ್‌ವೆನ್ ತನ್ನವರು ಚೀನೀ ಹೆಸರು ಇಟ್ಟುಕೊಳ್ಳಬೇಕೆಂದು ಕ್ರಿ.ಶ. 496ರಲ್ಲಿ ಆಜ್ಞೆ ಮಾಡಿದ. ಹೋಮೋಚೆನ್ ಎಂಬ ಷಿಯಾನ್‌ಬೇಯ್ ಮನೆತನದವರು ಚೆನ್ ಆದರು. ಅವರಿಗೂ ದೊರೆ ಶುನ್‌ಗೂ ಯಾವ ರಕ್ತಸಂಬಂಧ?

ಅಷ್ಟು ಹಿಂದೆ ಹೋಗುವುದೇ ಬೇಡ. ಜಾಕಿ ಚಾನ್ ನಮಗೆಲ್ಲ ಗೊತ್ತು, ಅಲ್ವಾ? ಅವರ ತಂದೆಯ ಹುಟ್ಟಿನ ಅಡ್ಡಹೆಸರು ಚಾನ್ ಅಲ್ಲ, ಫಾಂಗ್. ಅಂತರ್ಯುದ್ಧದ ಗಲಾಟೆಯಲ್ಲಿ ಚೀನಾ ಬಿಟ್ಟು ಹಾಂಗ್‌ಕಾಂಗ್‌ಗೆ ಬಂದವರು ಹೆಸರು ಬದಲಿಸಿಕೊಂಡರು. ಮಗ ಚಾನ್ ಆಗಿ ಬೆಳೆದ, ಜಗತ್ತಿಗೇ ಚಾನ್ ಆಗಿ ಪರಿಚಯವಾದ. ಪ್ರಪಂಚದಲ್ಲಿ ಎಲ್ಲರಿಗಿಂತ ಹೆಸರಾದ ಚಾನ್ ಹುಟ್ಟಿನಿಂದ ಚಾನ್ ಮನೆತನದವರಲ್ಲ.

ರಕ್ತದ ನಂಬಿಕೆಯಿಂದ ಜನ ಕಷ್ಟವನ್ನೂ ಪಟ್ಟಿದ್ದಾರೆ. ಒಂದೇ ಅಡ್ಡಹೆಸರಿನವರು ಮದುವೆಯಾಗುವಂತಿಲ್ಲ ಎಂಬುದು ಚೀನಾದಲ್ಲಿ ಶತಮಾನಗಳ ಕಾಲ ಕಾನೂನೇ ಆಗಿತ್ತು. ಸಾವಿರಾರು ಮೈಲಿ ದೂರದ ಇಬ್ಬರು ಚೆನ್‌ಗಳನ್ನು ಅಣ್ಣ ತಂಗಿ ಎಂದು ತಡೆಯುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ನಮ್ಮಲ್ಲಿ ಗೋತ್ರದ ಹೆಸರಿನಲ್ಲಿ ಮುರಿದ ಸಂಬಂಧಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈ ಹೆಸರು ಇಷ್ಟು ದೂರ ಹಬ್ಬಿದ್ದು ಹೇಗೆ? ಕಾಲ್ನಡಿಗೆಯಲ್ಲಿ, ಆಮೇಲೆ ಹಡಗಿನಲ್ಲಿ. 669ರಲ್ಲಿ ತಾಂಗ್ ಚಕ್ರವರ್ತಿ ಚೆನ್ ಜೆಂಗ್ ಎಂಬ ಸೇನಾಪತಿಯನ್ನು ದಕ್ಷಿಣದ ಫೂಜಿಯಾನ್‌ಗೆ ಕಳಿಸಿದ. ಅವನ ಮಗ ಚೆನ್ ಯುವಾನ್‌ಗುವಾಂಗ್‌ನ ಕಾಲದಲ್ಲಿ, 686ರಲ್ಲಿ, ಜಾಂಗ್‌ಜೋ ಎಂಬ ಆಡಳಿತ ಪ್ರದೇಶ ಹುಟ್ಟಿತು. ಸೈನಿಕರು ಅಲ್ಲೇ ನೆಲೆ ನಿಂತರು. ಸತ್ತ ಮೇಲೆ ಚೆನ್ ಯುವಾನ್‌ಗುವಾಂಗ್ ದೇವರೇ ಆದ. ಇವತ್ತಿಗೂ ಫೂಜಿಯಾನ್, ತೈವಾನ್, ಸಿಂಗಪುರಗಳಲ್ಲಿ ಅವನಿಗೆ ಗುಡಿಗಳಿವೆ. ಉತ್ತರ ಚೀನಾದಲ್ಲಿ ವಾಂಗ್, ಲೀ, ಜಾಂಗ್‌ಗಳು ಹೆಚ್ಚು. ದಕ್ಷಿಣದ ಗುವಾಂಗ್‌ಡಾಂಗ್, ಫೂಜಿಯಾನ್‌ಗಳಲ್ಲಿ ಚೆನ್‌ಗಳದ್ದೇ ಸಂಖ್ಯೆ. ಸಮುದ್ರ ದಾಟಿ ಹೋದ ಚೀನೀಯರಲ್ಲಿ ಹೆಚ್ಚಿನವರು ಈ ಎರಡು ಪ್ರಾಂತ್ಯದವರೇ. ಹೊಕ್ಕಿಯೆನ್, ಟಿಯೋಚ್ಯೂ ಮಾತಾಡುವವರ ಬಾಯಲ್ಲಿ ಅದು ಟಾನ್, ಕ್ಯಾಂಟನೀಸ್ ಬಾಯಲ್ಲಿ ಚಾನ್. ಹೆಸರು ಕೇಳಿದರೆ ಅಜ್ಜ ಯಾವ ಕರಾವಳಿಯಿಂದ ಹೊರಟ ಎಂದು ಸುಮಾರಾಗಿ ಹೇಳಬಹುದು.

ವಿಯೆಟ್ನಾಂ ಕಥೆ ಬೇರೆ. ಅಲ್ಲಿ ಟ್ರಾನ್ ವಂಶ 1225ರಿಂದ 1400ರವರೆಗೆ ರಾಜ್ಯ ಆಳಿತು, ಮಂಗೋಲರನ್ನು ಮೂರು ಸಲ ಹಿಮ್ಮೆಟ್ಟಿಸಿತು. ಆದರೆ ತಮಗಿಂತ ಮೊದಲು ಆಳಿದ ಲೀ ವಂಶದವರಿಗೆ ಹೆಸರು ಬದಲಿಸಿ ನ್ಗುಯೆನ್ ಎಂದಿಟ್ಟುಕೊಳ್ಳಿ ಎಂದು ಆಜ್ಞೆ ಮಾಡಿದವರೂ ಇದೇ ಟ್ರಾನ್‌ಗಳು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಗುವಾಂಗ್‌ಜೋ ನಗರದಲ್ಲಿ ಚೆನ್ ಮನೆತನದ ದೊಡ್ಡ ಭವನವಿದೆ. ಮುಗಿದದ್ದು 1894ರಲ್ಲಿ. ಮರ, ಕಲ್ಲು, ಇಟ್ಟಿಗೆ, ಪಿಂಗಾಣಿ, ಎಲ್ಲದರ ಮೇಲೂ ಕೆತ್ತನೆ. ಕಟ್ಟಿಸಿದ್ದು ಯಾವ ರಾಜನೂ ಅಲ್ಲ. ಬೇರೆ ಬೇರೆ ತಾಲ್ಲೂಕುಗಳ ಚೆನ್‌ಗಳು ದುಡ್ಡು ಹಾಕಿದರು. ಪರೀಕ್ಷೆ ಬರೆಯಲು, ಕೋರ್ಟು ಕಚೇರಿ ಕೆಲಸಕ್ಕೆ ನಗರಕ್ಕೆ ಬಂದ ಹಳ್ಳಿಯ ಚೆನ್‌ಗೆ ತಂಗಲು ಜಾಗ ಸಿಗಲಿ ಅಂತ. ಒಬ್ಬರ ಮುಖ ಒಬ್ಬರು ನೋಡದವರು ಒಂದು ಅಕ್ಷರವನ್ನು ನಂಬಿ ಹಣ ಕೊಟ್ಟರು.

ಸಿಂಗಪುರದಲ್ಲೂ ಹೀಗೇ. ಅಲ್ಲಿರುವ ಕನ್ನಡಿಗರಿಗೆ ಟಾನ್ ಟಾಕ್ ಸೆಂಗ್ ಆಸ್ಪತ್ರೆ ಗೊತ್ತಿರುತ್ತದೆ. ಮಲಾಕ್ಕಾದಿಂದ ಬಂದು ತರಕಾರಿ ಮಾರಿ ಶ್ರೀಮಂತನಾದ ಟಾನ್, 1844ರಲ್ಲಿ ಬಡರೋಗಿಗಳ ಆಸ್ಪತ್ರೆಗೆ ಹಣ ಕೊಟ್ಟ. ಅವನ ಮಗ ಟಾನ್ ಕಿಮ್ ಚಿಂಗ್ ಮತ್ತು ಇನ್ನೊಂದು ಮನೆಯ ಟಾನ್ ಬೆಂಗ್ ಸ್ವೀ ಸೇರಿ 1870ರ ದಶಕದಲ್ಲಿ ಟಾನ್‌ಗಳ ಗುಡಿ ಕಟ್ಟಿಸಿದರು. ಒಳಗೆ ಕೂತ ದೇವರು ಅದೇ ಜಾಂಗ್‌ಜೋದ ಚೆನ್ ಯುವಾನ್‌ಗುವಾಂಗ್. ರಕ್ತ ಒಂದೇ ಆಗಿದ್ದರೆ ಇದು ಬರೀ ಕುಟುಂಬದ ಕೆಲಸ ಆಗುತ್ತಿತ್ತು. ಅಪರಿಚಿತರು ಸೇರಿ ಮಾಡಿದರು ನೋಡಿ, ಅದಕ್ಕೇ ನನಗೆ ಇದು ದೊಡ್ಡದು.

ಇಂಡೋನೇಷ್ಯಾ ನೆನೆದರೆ ಮಾತ್ರ ಸಂಕಟವಾಗುತ್ತದೆ. 1966ರ ನಂತರ ಅಲ್ಲಿಯ ಸರ್ಕಾರ ಚೀನೀಯರಿಗೆ ಹೆಸರು ಬದಲಿಸಿಕೊಳ್ಳಲು ಒತ್ತಾಯ ಹಾಕಿತು. ಎಷ್ಟೋ ಟಾನ್‌ಗಳು ತನುವಿಜಯ, ಸುತಾಂತೋ, ಹಾರ್ತಾಂತೋ ಆದರು. ನೋಡಿದಿರಾ, ಹೊಸ ಹೆಸರಿನ ಒಳಗೆ ಹಳೆಯದನ್ನು ಬಚ್ಚಿಟ್ಟರು. ಅಲ್ಲಿಯ ಅಧ್ಯಕ್ಷ ಸುಹಾರ್ತೋ 1998ರಲ್ಲಿ ಅಧಿಕಾರದಿಂದ ಇಳಿದ ಮೇಲೆ ಕೆಲವರು ಮತ್ತೆ ಟಾನ್ ಎಂದು ಬರೆಯತೊಡಗಿದ್ದಾರೆ. ಅಜ್ಜ ಕೊಟ್ಟ ಹೆಸರೇ ಇರಲಿ, ಆಮೇಲೆ ಹಿಡಿದುಕೊಂಡ ಹೆಸರೇ ಇರಲಿ, ಅದನ್ನು ಬಿಡಿಸುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.