ಪ್ರಾಂಶುಪಾಲರ ಕೋಣೆಯಿಂದ ವಾರ್ಡ್ ಕಾಣುವುದಿಲ್ಲ

ನಮಸ್ಕಾರ. ಈ ಕಂತಿಗೆ ಬೇರೊಂದು ವಿಷಯ ಸಿದ್ಧವಾಗಿತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ, ಏಕೆಂದರೆ ಕಳೆದ ಕಂತಿನ ಕೆಳಗೆ ಒಬ್ಬ ಮಹನೀಯರು ಬರೆದ ಪ್ರತಿಕ್ರಿಯೆ ನನ್ನ ನೆತ್ತಿಗೇರಿದೆ. ಅವರು ನರ್ಸಿಂಗ್ ವಿದ್ಯಾರ್ಥಿಗಳಿಗೆಂದು ಒಂದು ಆ್ಯಪ್ ತಯಾರಿಸಿದ್ದಾರಂತೆ. ಲಾಗ್‌ಬುಕ್ (ವಿದ್ಯಾರ್ಥಿ ಮಾಡಿದ ಕೆಲಸಗಳ ದಾಖಲೆ), ಹಾಜರಿ, ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ), ಕಿರುಪರೀಕ್ಷೆ ಎಲ್ಲವೂ ಅದರೊಳಗಿವೆ. "ಮೇಡಂ, ನೀವು ಇಂಥ ಆ್ಯಪ್‌ಗಳನ್ನು ಸುಮ್ಮನೆ ಟೀಕಿಸುತ್ತೀರಿ. ನಾವು ವಿದ್ಯಾರ್ಥಿಗಳ ಮತ್ತು ಬೋಧಕರ ಅಗತ್ಯಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದೇವೆ. ಹಲವು ಪ್ರಾಂಶುಪಾಲರ ಜೊತೆ ಸಭೆ ನಡೆಸಿದ್ದೇವೆ, ವಿದ್ಯಾರ್ಥಿಗಳಿಂದ ಗೂಗಲ್ ಫಾರ್ಮ್ ತುಂಬಿಸಿಕೊಂಡಿದ್ದೇವೆ" ಎಂದು ಬರೆದಿದ್ದಾರೆ.

ಸಂತೋಷ. ನನ್ನದು ಒಂದೇ ಪ್ರಶ್ನೆ, ಸಾಹೇಬರೇ. ವಾರ್ಡಿಗೆ ಹೋಗಿದ್ದೀರಾ?

ಪ್ರಾಂಶುಪಾಲರ ಕೋಣೆಗೆ ಹೋಗಿದ್ದೀರಿ, ಗೊತ್ತು. ಅಲ್ಲಿ ಎ.ಸಿ. ಇರುತ್ತದೆ, ಗೋಡಂಬಿ ಬಿಸ್ಕತ್ತು ಬರುತ್ತದೆ, ಚೆಕ್‌ಗೆ ಸಹಿ ಹಾಕುವ ಕೈಯೂ ಅಲ್ಲೇ ಇರುತ್ತದೆ. ಆದರೆ ನಿಮ್ಮ ಆ್ಯಪ್ ಬಳಸಬೇಕಾದವರು ಅಲ್ಲಿಲ್ಲ. ರವಿಕೆ ಹೊಲಿಯುವ ದರ್ಜಿ ಗಂಡನನ್ನು ಕೇಳಿ ಹೆಂಡತಿಯ ಅಳತೆ ಬರೆದುಕೊಂಡ ಹಾಗಾಯಿತು ಇದು. ದುಡ್ಡು ಕೊಡುವವನು ಅವನೇ ಇರಬಹುದು, ತೊಡುವವಳು ಅವಳಲ್ಲವೇ?

ಆ ಫಾರ್ಮ್ ವಿಷಯಕ್ಕೆ ಬರೋಣ. ನಾನೂ ಬೋಧಕಿಯಾಗಿದ್ದವಳು, ಅದು ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತು. ಮಧ್ಯಾಹ್ನ ಕಂಪ್ಯೂಟರ್ ಲ್ಯಾಬಿನಲ್ಲಿ ತರಗತಿಯನ್ನು ಕೂರಿಸುತ್ತಾರೆ. ಕ್ಲಾಸ್ ಟೀಚರ್ ಹಿಂದೆ ಓಡಾಡುತ್ತಿರುತ್ತಾರೆ. ಫಾರ್ಮ್‌ನ ಮೊದಲ ಸಾಲಿನಲ್ಲೇ ಹೆಸರು, ಎರಡನೆಯದರಲ್ಲಿ ನೋಂದಣಿ ಸಂಖ್ಯೆ. "ಈ ತಂತ್ರಾಂಶ ನಿಮಗೆ ಉಪಯುಕ್ತವೇ?" ಎಂದರೆ ಆಂತರಿಕ ಅಂಕ ಬೇಕಿರುವ ಯಾವ ಹುಡುಗಿ "ಇಲ್ಲ" ಎಂದು ಒತ್ತುತ್ತಾಳೆ, ಹೇಳಿ? "ಅತ್ಯಂತ ಉಪಯುಕ್ತ" ಒತ್ತಿ, ಸಾಧ್ಯವಾದರೆ ಒಂದು ನಗುವ ಮುಖವನ್ನೂ ಹಾಕಿ, ಹಾಸ್ಟೆಲ್ಲಿಗೆ ಹೋಗಿ ಮಲಗುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದವಳು ಅವಳು.

ಸೋಜಿಗವೆಂದರೆ, ಒಬ್ಬರ ಅಗತ್ಯವನ್ನು ಹೇಗೆ ತಿಳಿಯಬೇಕು ಎಂಬುದು ನರ್ಸಿಂಗ್ ಪಾಠದಲ್ಲೇ ಇದೆ. ನರ್ಸಿಂಗ್ ಪ್ರೊಸೆಸ್‌ಗೆ ಐದು ಹಂತ: ಅಸೆಸ್‌ಮೆಂಟ್, ಡಯಾಗ್ನೋಸಿಸ್, ಪ್ಲಾನಿಂಗ್, ಇಂಪ್ಲಿಮೆಂಟೇಷನ್, ಇವ್ಯಾಲ್ಯುಯೇಷನ್. ಮೊದಲನೆಯದು ಅಸೆಸ್‌ಮೆಂಟ್, ಎಂದರೆ ರೋಗಿಯ ಸ್ಥಿತಿಯನ್ನು ತಿಳಿಯುವುದು. ಅದರಲ್ಲಿ ಮತ್ತೆ ಎರಡು ಬಗೆಯ ಮಾಹಿತಿ: ರೋಗಿ ಬಾಯಲ್ಲಿ ಹೇಳುವುದು ಒಂದು, ನರ್ಸ್ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, ಅಳೆದು ತಿಳಿಯುವುದು ಇನ್ನೊಂದು. ಶಸ್ತ್ರಚಿಕಿತ್ಸೆಯಾದ ಅಜ್ಜ "ನೋವೇನಿಲ್ಲ ತಾಯಿ" ಎನ್ನುತ್ತಾನೆ. ಹಣೆಯಲ್ಲಿ ಬೆವರು, ಕೈ ಹೊಟ್ಟೆಯ ಮೇಲೆ ಬಿಗಿಯಾಗಿ ಕೂತಿದೆ, ನಾಡಿ ನೂರು ದಾಟಿದೆ. "ನೋವಿಲ್ಲ" ಎಂದು ಬರೆದು ಬಂದ ವಿದ್ಯಾರ್ಥಿನಿಯನ್ನು ನಾವು ಬಿಡುತ್ತೇವೆಯೇ? ನಿಮ್ಮ ಗೂಗಲ್ ಫಾರ್ಮ್ ಆ ಅಜ್ಜನ "ನೋವೇನಿಲ್ಲ", ಅಷ್ಟೇ. ಬೆವರನ್ನು ನೋಡಿದವರು ಯಾರು? ವಾರ್ಡಿಗೆ ಹೋದವರು. ಹೋಗಿದ್ದೀರಾ?

ಹೋಗಿದ್ದರೆ ಏನು ಕಾಣುತ್ತಿತ್ತು, ಹೇಳುತ್ತೇನೆ. ವಿದ್ಯಾರ್ಥಿನಿ ಡ್ರಿಪ್ ಪಕ್ಕದಲ್ಲಿ ನಿಂತಿದ್ದಾಳೆ. ಎಡಗೈ ಮಣಿಕಟ್ಟಿನ ಗಡಿಯಾರವನ್ನು ಡ್ರಿಪ್ ಚೇಂಬರ್‌ನ ಪಕ್ಕಕ್ಕೇ ಹಿಡಿದಿದ್ದಾಳೆ. ತುಟಿ ಅಲುಗುತ್ತಿದೆ, ಹನಿ ಎಣಿಸುತ್ತಿದ್ದಾಳೆ. ಬಲಗೈ ಹನಿಯ ವೇಗ ಹೊಂದಿಸುವ ರೋಲರ್ ಕ್ಲ್ಯಾಂಪಿನ ಮೇಲಿದೆ. ಒಂದು ಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಕೊಳವೆಯ ಸೆಟ್ ಮಿಲಿಲೀಟರಿಗೆ 20 ಹನಿಯದು, ಎಂದರೆ ನಿಮಿಷಕ್ಕೆ ಸುಮಾರು 42 ಹನಿ. (ಇದು ಹೇಗೆ ಬಂತು ಎಂದು ಗೊತ್ತಾಗದವರಿಗೆ ನನ್ನ ಔಷಧ ಲೆಕ್ಕದ ಸರಣಿ ಇದೇ ಚಾನೆಲ್‌ನಲ್ಲಿದೆ. ಉಚಿತ. ಚಂದಾದಾರರಾಗುವುದೂ ಉಚಿತ, ಆದರೂ ನಿಮ್ಮಲ್ಲಿ ಅರ್ಧದಷ್ಟು ಜನ ಆ ಗುಂಡಿಯನ್ನು ಹಾವು ಕಂಡಂತೆ ನೋಡುತ್ತೀರಿ.) ಈಗ ನಿಮ್ಮ ಆ್ಯಪ್‌ನಲ್ಲಿ ಬಣ್ಣಬಣ್ಣದ ಡ್ರಿಪ್ ಕ್ಯಾಲ್ಕುಲೇಟರ್ ಇದೆ. ಬಹಳ ಚೆನ್ನಾಗಿದೆ. ಅವಳ ಮೊಬೈಲ್ ಎಲ್ಲಿದೆ? ಹಾಸ್ಟೆಲ್ ಬೀರುವಿನಲ್ಲಿ! ಪೋಸ್ಟಿಂಗ್ (ವಾರ್ಡಿನ ತರಬೇತಿ) ವೇಳೆ ಎಷ್ಟೋ ಕಾಲೇಜುಗಳು ಮೊಬೈಲ್ ತರಲು ಬಿಡುವುದಿಲ್ಲ. ಬಿಟ್ಟರೂ, ಸಮವಸ್ತ್ರದ ಹುಡುಗಿ ಮೊಬೈಲ್ ಹಿಡಿದು ನಿಂತದ್ದನ್ನು ರೋಗಿಯ ಕಡೆಯವರು ಕಂಡರೆ ಸಾಕು, ಸಂಜೆಯೊಳಗೆ ದೂರು ಸೂಪರಿಂಟೆಂಡೆಂಟರ ಮೇಜಿನ ಮೇಲಿರುತ್ತದೆ. ಹಾಗಾಗಿ ಅವಳು ಬಿ.ಪಿ.ಯನ್ನು ಅಂಗೈಯಲ್ಲಿ ಬಾಲ್ ಪೆನ್ನಿನಿಂದ ಬರೆದುಕೊಳ್ಳುತ್ತಾಳೆ. ಕೈ ತೊಳೆದರೆ ಅದೂ ಹೋಗುತ್ತದೆ, ಕೈ ತೊಳೆಯದಿದ್ದರೆ ನಾವು ಬಿಡುವುದಿಲ್ಲ. ಇದು ಅಗತ್ಯ, ಸಾಹೇಬರೇ. ಇದನ್ನು ಯಾವ ಫಾರ್ಮ್‌ನಲ್ಲಿ ಯಾರು ಬರೆದರು?

ಬೋಧಕರ ವಿಷಯ ಇನ್ನೂ ಚೆಂದ. ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮ 2021-22ರಿಂದ ಬಂದ ಮೇಲೆ ಬಿ.ಎಸ್ಸಿ. ನರ್ಸಿಂಗ್ 8 ಸೆಮಿಸ್ಟರ್‌ಗಳಾಯಿತು, ಪ್ರತಿ ಕೌಶಲಕ್ಕೂ ಲಾಗ್‌ಬುಕ್‌ನಲ್ಲಿ ಲೆಕ್ಕ, ಸಹಿ. ಬಂತಲ್ಲ ಮಾರುಕಟ್ಟೆ! ಅಲ್ಲಿಂದ ಶುರುವಾಯಿತು ಆ್ಯಪ್‌ಗಳ ಮಳೆ. ಶಿಕ್ಷಕ–ವಿದ್ಯಾರ್ಥಿ ಅನುಪಾತ 1:10 ಎಂದು ನಿಯಮವಿದೆ. ಸರಿ, ಹತ್ತೇ ಜನ ಎಂದಿಟ್ಟುಕೊಳ್ಳಿ. ಆ ಹತ್ತು ಜನ ಒಂದೇ ಮಂಚದ ಸುತ್ತ ನಿಂತಿರುವುದಿಲ್ಲವಲ್ಲ. ನಾಲ್ವರು ಗಂಡಸರ ಮೆಡಿಕಲ್ ವಾರ್ಡಿನಲ್ಲಿ, ಮೂವರು ಹೆಂಗಸರ ಸರ್ಜಿಕಲ್‌ನಲ್ಲಿ, ಉಳಿದವರು ಕ್ಯಾಶುಯಲ್ಟಿಯಲ್ಲಿ, ನಡುವೆ ಕೆಟ್ಟು ನಿಂತ ಲಿಫ್ಟು. ನಿಮ್ಮಂಥದ್ದೇ ಒಂದು ಆ್ಯಪ್, ಕೆಲಸ ಆದ ಹದಿನೈದು ನಿಮಿಷದೊಳಗೆ ಬೋಧಕರು ಓ.ಟಿ.ಪಿ. ಒತ್ತಿ ಅನುಮೋದಿಸಬೇಕು ಎನ್ನುತ್ತಿತ್ತು. ಏನಾಯಿತು? ಟ್ಯೂಟರ್, ಎಂದರೆ ಆ ಬೋಧಕರು, ತಮ್ಮ ಲಾಗಿನ್ನನ್ನು ತರಗತಿಯ ಲೀಡರ್‌ಗೇ ಕೊಟ್ಟರು. ಹುಡುಗಿಯರೇ ಹುಡುಗಿಯರಿಗೆ "ಸಮರ್ಥಳು" ಎಂದು ಅನುಮೋದನೆ ಕೊಟ್ಟುಕೊಂಡರು. ಕಂಪನಿಯವರ ಪರದೆಯಲ್ಲಿ ಮಾತ್ರ ಎಲ್ಲವೂ ಹಸಿರೋ ಹಸಿರು.

ಹಸಿರು ಎಂದಾಗ ನೆನಪಾಯಿತು. ಹಾಜರಿ ಶೇ. 80 ದಾಟಿದರೆ ಹಸಿರು ದೀಪ ಹೊತ್ತಿಸುವ ಆ್ಯಪ್‌ಗಳಿವೆ. ಪರೀಕ್ಷೆಗೆ ಕೂರಲು ಶೇ. 80 ನಿಜ. ಆದರೆ ಪದವಿ ಕೈಗೆ ಬರುವ ಮುನ್ನ ಪ್ರತಿ ಕ್ಲಿನಿಕಲ್ ವಿಭಾಗದಲ್ಲೂ ಶೇ. 100 ಹಾಜರಿ ಬೇಕು. ಟೈಫಾಯಿಡ್ ಬಂದು ಮಲಗಿದವಳು ಆ ಗಂಟೆಗಳನ್ನು ರಜೆಯಲ್ಲಿ ತುಂಬಿಕೊಡಬೇಕು. ಯಾರದು ಎಷ್ಟು ಗಂಟೆ ಬಾಕಿ ಎಂದು ಲೆಕ್ಕ ಹಾಕುತ್ತ ಟ್ಯೂಟರ್ ರಾತ್ರಿ ಕೂತಿರುತ್ತಾರೆ, ನಿಮ್ಮ ಹಸಿರು ದೀಪದ ಕೆಳಗೇ.

ಇನ್ನೊಂದು ಹೇಳಿಬಿಡುತ್ತೇನೆ, ಇದನ್ನು ಬೇಕಾದರೆ ಬರೆದುಕೊಳ್ಳಿ, ಸಲಹಾ ಶುಲ್ಕ ಕೇಳುವುದಿಲ್ಲ. ಅನುಭವಿ ಟ್ಯೂಟರ್ ಒಬ್ಬರ ಕೈಚೀಲ ತೆಗೆಸಿ ನೋಡಿ. ನಾಲ್ಕು ಮಡಿಕೆಯ ಗೆರೆ ಹಾಳೆಯೊಂದು ಸಿಗುತ್ತದೆ. ಎಡಕ್ಕೆ ಹೆಸರುಗಳು, ಮೇಲೆ ಅಡ್ಡಲಾಗಿ ಕ್ಯಾಥೆಟರ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ), ಡ್ರೆಸಿಂಗ್, ಇಂಜೆಕ್ಷನ್. ಅಲ್ಲಲ್ಲಿ ಟಿಕ್, ಅಲ್ಲಲ್ಲಿ ಖಾಲಿ. ಪೋಸ್ಟಿಂಗ್ ಮುಗಿಯಲು ಇನ್ನು ಕೆಲವೇ ದಿನ, ಮೂವರು ವಿದ್ಯಾರ್ಥಿನಿಯರಿಗೆ ರೈಲ್ಸ್ ಟ್ಯೂಬ್ ಹಾಕಲು ರೋಗಿಯೇ ಸಿಕ್ಕಿಲ್ಲ. ಹೊಸ ಕೇಸು ಬಂದ ತಕ್ಷಣ ಯಾರನ್ನು ಕರೆಯಬೇಕು ಎಂಬುದು ಆ ಹಾಳೆಯಲ್ಲಿದೆ. ಬೋಧಕರಿಗೆ ಬೇಕಾದದ್ದು ಅದು! ಆದದ್ದರ ಪಟ್ಟಿಯಲ್ಲ, ಆಗಬೇಕಾದದ್ದರ ಪಟ್ಟಿ. ಅದು ಪ್ರಾಂಶುಪಾಲರ ಸಭೆಯಲ್ಲಿ ಏಕೆ ಹೊರಬರಲಿಲ್ಲ? ಪ್ರಾಂಶುಪಾಲರು ಆ ಹಾಳೆಯನ್ನು ನೋಡಿಯೇ ಇಲ್ಲ. ಟ್ಯೂಟರಿಗೆ ಅದು ಹೇಳತಕ್ಕ ವಿಷಯ ಎಂದೇ ಅನಿಸಿಲ್ಲ. ನಿಂತು ನೋಡಿದವರಿಗಷ್ಟೇ ಅದು ಸಿಗುತ್ತದೆ.

ಈಗ ಕೆಳಗೆ ಬರಲಿರುವ ಆಕ್ಷೇಪಗಳನ್ನು ನಾನೇ ಓದಿಬಿಡುತ್ತೇನೆ, ನಿಮಗೆ ಟೈಪಿಸುವ ಶ್ರಮ ಬೇಡ. "ಮೇಡಂ, ಇದು ಬರೀ ಹಳ್ಳಿ ಕಾಲೇಜಿನ ಕಥೆ." ಹೌದೇ? ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವ ಮುನ್ನ ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕೆಂಬ ವ್ಯವಸ್ಥೆ ಬಂತು. ಸಮಾಜಶಾಸ್ತ್ರಜ್ಞ ರಾಸ್ ಕಾಪೆಲ್ ಮತ್ತು ಸಂಗಡಿಗರು ವಾರ್ಡುಗಳಲ್ಲಿ ನಿಂತು ನೋಡಿ 2008ರಲ್ಲಿ ಬರೆದರು: ನರ್ಸ್‌ಗಳು ಕಂಡುಕೊಂಡ ಅಡ್ಡದಾರಿಗಳು 15 ಬಗೆಯವು. ಕೈಪಟ್ಟಿಯ ಬಾರ್‌ಕೋಡಿನ ಪ್ರತಿಗಳು ಬಾಗಿಲಿನ ಚೌಕಟ್ಟಿಗೂ ಅಂಟಿದ್ದವು. ಸೋಮಾರಿತನದಿಂದಲ್ಲ; ಕೈಪಟ್ಟಿ ಒದ್ದೆಯಾಗಿ ಓದಲು ಬರುತ್ತಿರಲಿಲ್ಲ, ಸ್ಕ್ಯಾನರ್ ಬ್ಯಾಟರಿ ಮುಗಿದಿರುತ್ತಿತ್ತು. ಅಲ್ಲಿಯೂ ಫಾರ್ಮ್ ತುಂಬಿಸಿದ್ದರೆ "ಅತ್ಯಂತ ಉಪಯುಕ್ತ" ಎಂದೇ ಬರುತ್ತಿತ್ತು, ನಾನು ಬರೆದುಕೊಡುತ್ತೇನೆ.

"ಈಗಿನ ಮಕ್ಕಳು ಮೊಬೈಲ್‌ನಲ್ಲೇ ಹುಟ್ಟಿದವರು, ಕಲಿತುಕೊಳ್ಳುತ್ತಾರೆ." ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಇಬ್ಬರನ್ನು ನಕಲು ಯಂತ್ರದ ಮುಂದೆ ನಿಲ್ಲಿಸಿ ಚಿತ್ರೀಕರಿಸಿದರು. ಅವರು ಸಾಮಾನ್ಯರಲ್ಲ, ಕಂಪ್ಯೂಟರ್ ವಿಜ್ಞಾನಿಗಳು. ಆ ಯಂತ್ರದ ಮುಂದೆ ಅವರೇ ತಡಬಡಾಯಿಸಿದರು. ನಮ್ಮ ಕೊಪ್ಪಳದ ಹುಡುಗಿಯನ್ನು ದಡ್ಡಿ ಎನ್ನುವ ಮುನ್ನ ಅದನ್ನು ನೆನೆಯಿರಿ.

"ಕೃತಕ ಬುದ್ಧಿಮತ್ತೆಯ ರೋಗಿ ಇದೆ, ಅದರೊಂದಿಗೇ ಅಭ್ಯಾಸ ಮಾಡಲಿ." ಅಯ್ಯೋ, ಆ ರೋಗಿಯನ್ನು ನಾನು ನೋಡಿದ್ದೇನೆ. ನೋವು ಹತ್ತರಲ್ಲಿ ಏಳು ಎಂದು ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಹಾವೇರಿಯ ಅಜ್ಜಿ ಎಂದಾದರೂ ಏಳು ಎಂದಿದ್ದಾಳೆಯೇ? "ಹೊಟ್ಟೆಯೊಳಗೆ ಯಾರೋ ಕಿವುಚಿದ ಹಾಗೆ ಆಗುತ್ತದೆ, ನಿನ್ನೆಯಿಂದ ಗಂಜಿ ಸಹ ಸೇರುತ್ತಿಲ್ಲ, ನನ್ನ ಮಗ ಇನ್ನೂ ಬಂದಿಲ್ಲ" ಎನ್ನುತ್ತಾಳೆ. ಅದರಿಂದ ಏಳನ್ನು ಹೆಕ್ಕುವುದೇ ವಿದ್ಯೆ. ಈಗಂತೂ ಬಳಕೆದಾರರನ್ನೇ ಕೃತಕವಾಗಿ ಸೃಷ್ಟಿಸಿ ಅವರಿಂದಲೇ ಅಭಿಪ್ರಾಯ ಪಡೆಯುವವರೂ ಇದ್ದಾರೆ. ಕೃತಕ ವಿದ್ಯಾರ್ಥಿ, ಕೃತಕ ಬೋಧಕ, ಕೃತಕ ರೋಗಿ. ಬಿಲ್ ಮಾತ್ರ ಅಸಲಿ.

"ವಾರ್ಡಿನಲ್ಲಿ ನಿಲ್ಲಲು ಸಮಯವಿಲ್ಲ, ಅನುಮತಿ ಸಿಗುವುದಿಲ್ಲ." ಅನುಮತಿ ಕೇಳಿ, ನೈತಿಕ ಸಮಿತಿಗೆ ಅರ್ಜಿ ಹಾಕಿ, ರೋಗಿಯ ಖಾಸಗಿತನ ಕಾಯ್ದುಕೊಳ್ಳಿ, ಅದು ಆಗಲೇಬೇಕಾದದ್ದು. ಸಮಯವಿಲ್ಲ ಎನ್ನುವವರಿಗೆ ಉದ್ಘಾಟನೆಯ ರಿಬ್ಬನ್ ಕತ್ತರಿಸಲು ಸಮಯವಿತ್ತು, ಫೋಟೊ ನೋಡಿದ್ದೇನೆ. ಹೋಗಿ. ವಾರ್ಡಿಗೆ ಹೋಗಿ. ಬೆಳಿಗ್ಗೆ ಏಳರ ಪಾಳಿಗೆ ಹೋಗಿ, ಮೂಲೆಯಲ್ಲಿ ನಿಲ್ಲಿ, ಬಾಯಿ ಮುಚ್ಚಿಕೊಂಡು ನೋಡಿ. ಇನ್ನೂ ಕಾರಣ ಬೇಕೇ? ನನ್ನ ಬಳಿ ಕಾರಣದ ಹಾಳೆ ಮುಗಿಯಿತು, ಸಿಟ್ಟು ಮುಗಿದಿಲ್ಲ. ಹೋಗಿ ಎಂದರೆ ಹೋಗಿ!

ಸರಿ, ಗಂಟಲು ಒಣಗಿತು. ಈ ಕಂತನ್ನು ನಿಮ್ಮ ಟ್ಯೂಟರಿಗೆ ಕಳುಹಿಸಿ, ಪ್ರಾಂಶುಪಾಲರಿಗೂ ಕಳುಹಿಸಿ, ಆದರೆ ಕಳುಹಿಸಿದ್ದು ನೀವೆಂದು ತಿಳಿಯದ ಹಾಗೆ. ಇನ್ನು "ಮೇಡಂ, ಸ್ವಲ್ಪ ನಿಧಾನವಾಗಿ ಮಾತನಾಡಿ" ಎಂದು ಪ್ರತಿ ವಾರ ಬರೆಯುವವರೇ, ಪರದೆಯ ಮೂಲೆಯಲ್ಲಿ ಹಲ್ಲುಚಕ್ರದ ಗುರುತಿದೆ, ಅದನ್ನು ಒತ್ತಿ ವೇಗ ಇಳಿಸಿಕೊಳ್ಳಿ. ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರೂ ಇದ್ದೀರಿ, ನೀವು ಇಷ್ಟು ಹೊತ್ತಿಗೆ ಬಹುಶಃ ಮುಂದಿನ ವಿಡಿಯೋಕ್ಕೆ ಹೋಗಿ ಆಗಿದೆ.