ತೈಲ ಯಾರ ಊರಿನದು? ನೈಜರ್ ಡೆಲ್ಟಾದಲ್ಲಿ ನೆರೆಹೊರೆಯವರು ಬಡಿದಾಡಿದ್ದು ಯಾಕೆ

[ತೆರೆಯ ಮೇಲೆ: ನೈಜೀರಿಯಾದ ನಕ್ಷೆ, ದಕ್ಷಿಣದ ಕರಾವಳಿ]

ನಮಸ್ಕಾರ. 1997ರ ಮಾರ್ಚ್‌ನಲ್ಲಿ ನೈಜೀರಿಯಾದ ದಕ್ಷಿಣ ಕರಾವಳಿಯ ತೈಲ ಸೀಮೆ ನೈಜರ್ ಡೆಲ್ಟಾದಲ್ಲಿರುವ ವಾರ್ರಿ ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳು ಹೊತ್ತಿ ಉರಿದವು. ಇಜೋ ಮತ್ತು ಇಟ್ಸೆಕಿರಿ ಸಮುದಾಯಗಳ ನಡುವೆ ಜಗಳ. ತುಂಬಾ ಜನ ಸತ್ತರು. ಅಲ್ಲಿ ತೈಲ ತೆಗೆಯುವ ಶೆಲ್ ಕಂಪನಿಯ ನೂರಕ್ಕೂ ಹೆಚ್ಚು ನೌಕರರನ್ನು ಒತ್ತೆ ಇಟ್ಟುಕೊಂಡರು.

ಜಗಳ ಹತ್ತಿದ್ದು ಒಂದು ಆಫೀಸಿನಿಂದ. ಹೊಸದಾಗಿ ಮಾಡಿದ ಸ್ಥಳೀಯ ಆಡಳಿತದ ಮುಖ್ಯ ಕಚೇರಿಯನ್ನು ಇಜೋಗಳ ಒಗ್ಬೆ-ಇಜೋದಿಂದ ಇಟ್ಸೆಕಿರಿಗಳ ಒಗಿಡಿಗ್ಬೆನ್‌ಗೆ ಬದಲಾಯಿಸಿದ್ದರು.

ಒಂದು ಆಫೀಸಿಗೆ ಇಷ್ಟು ರಕ್ತವಾ ಅಂತ ಅನಿಸುತ್ತೆ, ಅಲ್ವಾ? ಹಾಗಾದರೆ ಅಲ್ಲಿ ದುಡ್ಡು ಹರಿಯುವ ದಾರಿ ನೋಡೋಣ.

[ತೆರೆಯ ಮೇಲೆ: 1956, ಒಲೊಯಿಬಿರಿ]

ಡೆಲ್ಟಾದ ಒಲೊಯಿಬಿರಿಯಲ್ಲಿ ತೈಲ ಸಿಕ್ಕಿದ್ದು 1956ರಲ್ಲಿ. 1969ರ ಪೆಟ್ರೋಲಿಯಂ ಕಾಯ್ದೆ ನೆಲದಡಿಯ ತೈಲವನ್ನೆಲ್ಲ ಕೇಂದ್ರ ಸರ್ಕಾರದ್ದು ಮಾಡಿತು. 1978ರ ಭೂಬಳಕೆ ಕಾಯ್ದೆ ಮೇಲಿನ ನೆಲವನ್ನೂ ಆಯಾ ರಾಜ್ಯದ ಗವರ್ನರ್ ಕೈಗೆ ಕೊಟ್ಟಿತು. ಹೊಲದಲ್ಲಿ ಪೈಪ್‌ಲೈನ್ ಹೋದರೆ ರೈತನಿಗೆ ಸಿಗುವುದು ಬೆಳೆ, ಮರ, ಕಟ್ಟಡಗಳ ಪರಿಹಾರ. ತಲೆಮಾರುಗಳಿಂದ ಉತ್ತು ಬಂದ ಮಣ್ಣಿಗೆ ಬೆಲೆಯೇ ಇಲ್ಲ.

ತೈಲದ ಆದಾಯದಲ್ಲಿ ತೈಲ ಕೊಡುವ ಪ್ರದೇಶಕ್ಕೆ ವಾಪಸ್ ಬರುವ ಪಾಲೂ ಕರಗುತ್ತಾ ಹೋಯಿತು. ಸ್ವಾತಂತ್ರ್ಯದ ಹೊತ್ತಿಗೆ 50% ಇದ್ದದ್ದು 1980ರ ದಶಕದಲ್ಲಿ 1.5%ಗೆ ಇಳಿಯಿತು. 1999ರ ಸಂವಿಧಾನ ಕನಿಷ್ಠ 13% ಅಂದಿತು. ಆದರೆ ಅದೂ ಹೋಗುವುದು ರಾಜ್ಯ ಸರ್ಕಾರದ ಖಜಾನೆಗೆ.

ಹಾಗಾದರೆ ಹಳ್ಳಿಗೆ ಉಳಿದ ದಾರಿ? ಕಂಪನಿಯ ಕಣ್ಣಲ್ಲಿ 'ಹೋಸ್ಟ್ ಕಮ್ಯುನಿಟಿ', ಅಂದರೆ ತೈಲ ಕೆಲಸಕ್ಕೆ ನೆಲ ಕೊಟ್ಟ ಊರು, ಅನಿಸಿಕೊಳ್ಳುವುದು. ಬಾವಿ, ಪೈಪ್‌ಲೈನ್, ಬಾವಿಗಳ ತೈಲ ಒಟ್ಟುಗೂಡುವ ಫ್ಲೋ ಸ್ಟೇಷನ್ ನಮ್ಮ ನೆಲದಲ್ಲಿದೆ ಅಂತ ಒಪ್ಪಿಸಿದರೆ ಪೈಪ್‌ಲೈನ್ ಕಾವಲಿನ ಗುತ್ತಿಗೆ ಬರುತ್ತದೆ, ನಾಲ್ಕು ಹುಡುಗರಿಗೆ ಕೆಲಸ ಬರುತ್ತದೆ, ಶಾಲೆಗೊಂದು ಕಟ್ಟಡ ಬರುತ್ತದೆ. ಜೊತೆಗೆ ಮುಖಂಡರ ಕೈಗೆ ನಗದು, ಕೆಲಸಕ್ಕೇ ಬಾರದ ಹೆಸರುಗಳಿಗೆ ಸಂಬಳ. ಪಕ್ಕದ ಹಳ್ಳಿಯೂ ಅದೇ ನೀರು, ಅದೇ ಗಾಳಿಯಲ್ಲಿ ಬದುಕುತ್ತದೆ. ತೈಲ ಸೋರಿದರೆ ಅವರ ಮೀನೂ ಸಾಯುತ್ತದೆ. ಆದರೂ ಅವರಿಗೆ ಏನೂ ಇಲ್ಲ.

ಈಗ ವಾರ್ರಿಯ ಆಫೀಸಿಗೆ ಬನ್ನಿ. ಆಫೀಸು ಯಾರ ಊರಲ್ಲಿದೆಯೋ ಅವರ ಕೈಗೆ ರಾಜಧಾನಿ ಅಬುಜಾದಿಂದ ಬರುವ ಅನುದಾನ. ಆ ನೆಲ ಯಾರದು ಅನ್ನುವ ವಾದಕ್ಕೂ ಅದೇ ಸರ್ಕಾರಿ ಮುದ್ರೆ. 2003ರಲ್ಲಿ ಚುನಾವಣಾ ವಾರ್ಡುಗಳ ಗಡಿಯ ವಿಷಯಕ್ಕೆ ಅಲ್ಲಿ ಮತ್ತೆ ಗುಂಡು ಹಾರಿದವು. ಕಂಪನಿಗಳು ಜಾಗ ಖಾಲಿ ಮಾಡಿದವು. ನೈಜೀರಿಯಾದ ಸುಮಾರು 40% ತೈಲ ಉತ್ಪಾದನೆ ಕೆಲಕಾಲ ನಿಂತುಹೋಯಿತು.

ಇದನ್ನು 'ಬುಡಕಟ್ಟುಗಳ ಹಳೇ ದ್ವೇಷ' ಅಂತ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಅದು ತುಂಬಾ ಅನ್ಯಾಯದ ಮಾತು ಅನಿಸುತ್ತದೆ. ಯಾಕೆ ಅಂತ ಡೆಲ್ಟಾದ ಇನ್ನೊಂದು ಊರು ರುಮುಎಕ್ಪೆ ನೋಡಿದರೆ ತಿಳಿಯುತ್ತದೆ.

[ತೆರೆಯ ಮೇಲೆ: ರಿವರ್ಸ್ ರಾಜ್ಯ, ರುಮುಎಕ್ಪೆ]

ಇಲ್ಲಿ ಎರಡು ಬುಡಕಟ್ಟುಗಳಿಲ್ಲ. ಒಂದೇ ಊರು, ಒಂದೇ ಭಾಷೆ, ನೆಂಟರಿಷ್ಟರು. ಪ್ಲಾಟ್‌ಫಾರ್ಮ್ ಎಂಬ ಸಂಸ್ಥೆ 2011ರಲ್ಲಿ ತಂದ ವರದಿಯ ಪ್ರಕಾರ, ಊರಿನ ಹೆಸರಲ್ಲಿ ಬಂದ ದುಡ್ಡು ಮತ್ತು ಗುತ್ತಿಗೆಯನ್ನು ಶೆಲ್ ಒಬ್ಬ ಯುವ ಮುಖಂಡನ ಮೂಲಕ ಹಂಚುತ್ತಿತ್ತು. ಇನ್ನೊಂದು ಗುಂಪು ಎದ್ದಿತು. 2005ರಿಂದ 2008ರವರೆಗೆ ನಡೆದ ಹೊಡೆದಾಟದಲ್ಲಿ ಸುಮಾರು 60 ಜನ ಸತ್ತರು, ಉಳಿದವರು ಊರು ಬಿಟ್ಟರು. ಕಾದಾಟ ನಡೆಯುತ್ತಿದ್ದಾಗಲೂ ಹಣ ಹೋಗುತ್ತಲೇ ಇತ್ತು ಅನ್ನುತ್ತದೆ ಆ ವರದಿ.

ಡೆಲ್ಟಾದ ಒಗೊನಿ ಜನರ ಪರ ನಿಂತ ಬರಹಗಾರ ಕೆನ್ ಸಾರೋ-ವಿವಾ ಅವರನ್ನು 1995ರ ನವೆಂಬರ್ 10ರಂದು ಇನ್ನೂ ಎಂಟು ಜನರ ಜೊತೆ ಸೇನಾ ಸರ್ಕಾರ ಗಲ್ಲಿಗೇರಿಸಿತು. ಅದನ್ನು ಜಗತ್ತೆಲ್ಲ ಕೇಳಿತು. ರುಮುಎಕ್ಪೆಯಂಥ ಊರುಗಳನ್ನು ಕೇಳಿದವರು ಕಡಿಮೆ. ಸರ್ಕಾರ ಒಬ್ಬ ಬರಹಗಾರನನ್ನು ಕೊಂದಾಗ ತಪ್ಪು ಯಾರದು ಅಂತ ಎಲ್ಲರಿಗೂ ಕಾಣುತ್ತದೆ. ದಾಯಾದಿಗಳು ಹೊಡೆದಾಡಿ ಸತ್ತರೆ ತಪ್ಪೆಲ್ಲ ಅವರ ತಲೆಗೇ ಬೀಳುತ್ತದೆ.

ಜಗಳದಲ್ಲಿ ಕಂಪನಿಯ ಪಾತ್ರವೂ ಇದೆ ಅಂತ ಹೊರಗಿನವರಷ್ಟೇ ಹೇಳಿದ್ದಲ್ಲ. ಶೆಲ್ ತಾನೇ ಮಾಡಿಸಿದ 2003ರ ಅಧ್ಯಯನವೂ ಹೇಳಿತು: ಡೆಲ್ಟಾದ ಕಲಹದಲ್ಲಿ ಕಂಪನಿಯೂ ಒಂದು ಭಾಗವಾಗಿಬಿಟ್ಟಿದೆ.

[ತೆರೆಯ ಮೇಲೆ: 2021, ಪೆಟ್ರೋಲಿಯಂ ಉದ್ಯಮ ಕಾಯ್ದೆ]

2021ರ ಹೊಸ ಕಾಯ್ದೆಯ ಪ್ರಕಾರ ಕಂಪನಿಗಳು ಹಿಂದಿನ ವರ್ಷದ ನಿರ್ವಹಣಾ ವೆಚ್ಚದ 3%ನ್ನು ಹೋಸ್ಟ್ ಕಮ್ಯುನಿಟಿಗಳ ಟ್ರಸ್ಟ್‌ಗೆ ಕೊಡಬೇಕು. ಜನ ಕೇಳಿದ್ದು 10%. ದುಡ್ಡು ಒಬ್ಬ ಮುಖಂಡನ ಜೇಬಿಗೆ ಹೋಗುವ ಬದಲು ಟ್ರಸ್ಟ್‌ಗೆ ಹೋಗುವುದು ಒಳ್ಳೆಯ ಹೆಜ್ಜೆಯೇ. ಆದರೆ ಒಂದು ಷರತ್ತು ನನ್ನನ್ನು ಕಾಡುತ್ತದೆ. ಊರಿನ ವ್ಯಾಪ್ತಿಯಲ್ಲಿ ಯಾರಾದರೂ ಪೈಪ್‌ಲೈನ್ ಒಡೆದರೆ ಅದರ ರಿಪೇರಿ ಖರ್ಚು ಇಡೀ ಊರಿನ ಪಾಲಿನಿಂದ ಕಡಿತ. ಕಳ್ಳತೈಲದ ದಂಧೆಯವರ ಕೈಯಲ್ಲಿ ಬಂದೂಕಿದೆ, ಮೀನು ಹಿಡಿಯುವ ಹೆಂಗಸಿನ ಕೈಯಲ್ಲಿ ಬುಟ್ಟಿ. ರಾತ್ರಿ ಹೋಗಿ ಅವರನ್ನು ತಡೆಯುವುದು ಅವಳ ಜವಾಬ್ದಾರಿಯಾ?

ಇನ್ನೊಂದು ವಿಷಯ. ಟ್ರಸ್ಟ್ ಕಟ್ಟುವುದು ಕಂಪನಿ. ಯಾವ ಯಾವ ಊರು ಪಟ್ಟಿಗೆ ಸೇರಬೇಕು ಅನ್ನುವುದರಲ್ಲೂ ದೊಡ್ಡ ಮಾತು ಕಂಪನಿಯದೇ. ವಾರ್ರಿಯಲ್ಲಿ ಗುಂಡು ಹಾರಿಸಿದ ಪ್ರಶ್ನೆಯೂ ಇದೇ ಆಗಿತ್ತು: ಈ ನೆಲ ಯಾರದು, ಅದನ್ನು ಹೇಳುವವರು ಯಾರು?