ಮಳೆಗೆ ಎಂತ ಲೈಸೆನ್ಸ್?

ನಮಸ್ಕಾರ. ಹೆಬ್ರಿ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಅಂಗಳದ ತುದಿಯಲ್ಲಿ, ಅಡಿಕೆ ಮರಗಳ ನೆರಳು ತಾಗದ ಕಡೆ, ಒಂದು ಮಳೆಮಾಪಕ ಉಂಟು. 1986ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆ ಗ್ಲಾಸಿಗೆ ಹೊಯ್ದು ಎಷ್ಟು ಮಿಲಿಮೀಟರ್ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಹವಾಮಾನ ಇಲಾಖೆಯವರ ಮಳೆಲೆಕ್ಕದ ದಿನ ಮುಗಿಯುವುದೂ ಎಂಟೂವರೆಗೇ, ಅದಕ್ಕೆ ಆ ಹೊತ್ತು. ಆಟಿ ತಿಂಗಳಲ್ಲಿ ಕೊಡೆ ಹಿಡಿದುಕೊಂಡು ಹೋಗಿ ಅಳೆಯುವುದನ್ನು ನೋಡಿ ದೊಡ್ಡಮ್ಮ ಈಗಲೂ ನಗುತ್ತಾರೆ.

ಪಕ್ಕದ ಮನೆಯ ಹುಡುಗಿ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳು ಒಂದು ರಜೆ ಪೂರ್ತಿ ಕೂತು ಆ ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸಿದಳು. ಜೊತೆಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಳು. ಮಳೆ ಬಾರದ ದಿನ ಬೇರೆ, ಅಳೆಯದೇ ಬಿಟ್ಟ ದಿನ ಬೇರೆ ಅಲ್ವಾ? ಎರಡಕ್ಕೂ ಸೊನ್ನೆ ಹಾಕಿದರೆ ಲೆಕ್ಕವೆಲ್ಲ ಹಾಳು. ಅದನ್ನು ಬೇರ್ಪಡಿಸುವುದೇ ಆ ಪ್ರೋಗ್ರಾಮಿನ ಕೆಲಸ. ಎಲ್ಲವನ್ನೂ ಗಿಟ್‌ಹಬ್ಬಿಗೆ, ಅಂದರೆ ಕೋಡು, ಡೇಟಾ ಎಲ್ಲ ಹಂಚಿಕೊಳ್ಳುವ ಒಂದು ಜಾಲತಾಣಕ್ಕೆ, ಹಾಕಿದಳು. ತಿಂಗಳೊಳಗೆ ಹೊರ ರಾಜ್ಯದ ಒಬ್ಬ ಸಂಶೋಧಕರಿಂದ ಮೇಲ್ ಬಂತು. ಡೇಟಾ ಚೆನ್ನಾಗಿದೆ, ಆದರೆ ಲೈಸೆನ್ಸ್ ಕಾಣುವುದಿಲ್ಲ, ಹಾಗಾಗಿ ಬಳಸಲು ಆಗುವುದಿಲ್ಲ, ದಯವಿಟ್ಟು ತಿಳಿಸಿ.

ದೊಡ್ಡಪ್ಪನಿಗೆ ಸಿಟ್ಟೇ ಬಂತು. "ಕೋವಿಗೆ ಲೈಸೆನ್ಸ್ ಬೇಕು, ಗೊತ್ತುಂಟು. ಮಳೆಗೆ ಎಂತ ಲೈಸೆನ್ಸ್ ಮಾರಾಯ?" ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರುವ ರಗಳೆ ಗೊತ್ತಿದ್ದವರು ಹಾಗೆ ಕೇಳುವುದು ಸಹಜ. ಆದರೆ ಇದು ಆ ಲೈಸೆನ್ಸ್ ಅಲ್ಲ. ಇಲ್ಲಿ ಸರ್ಕಾರ ನಿಮಗೆ ಕೊಡುವುದು ಏನೂ ಇಲ್ಲ. ನೀವೇ ಬೇರೆಯವರಿಗೆ ಬರೆದು ಕೊಡುವ ಒಪ್ಪಿಗೆ ಇದು. ಅದು ಇಲ್ಲದಿದ್ದರೆ, ನೀವು ಊರೆಲ್ಲ ಕಾಣುವ ಹಾಗೆ ಹಾಕಿದ್ದರೂ, ಜಾಗ್ರತೆ ಇರುವವರು ಮುಟ್ಟುವುದಿಲ್ಲ.

ಮಳೆಗೆ ಯಾರೂ ಒಡೆಯರಿಲ್ಲ, ಸರಿ. ಇಂಥ ದಿನ ಇಷ್ಟು ಮಿಲಿಮೀಟರ್ ಅನ್ನುವುದು ಬರೀ ಸಂಗತಿ, ಅದಕ್ಕೆ ಕಾಪಿರೈಟ್ ಇಲ್ಲ. ಆದರೆ ನಮ್ಮ 1957ರ ಕಾಪಿರೈಟ್ ಕಾಯ್ದೆ ಕೋಷ್ಟಕ, ಸಂಕಲನ, ಕಂಪ್ಯೂಟರ್ ಡೇಟಾಬೇಸ್, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವನ್ನೂ ಸಾಹಿತ್ಯ ಕೃತಿ ಅನ್ನುವ ಮಾತಿನೊಳಗೆ ಸೇರಿಸಿದೆ. ದೊಡ್ಡಪ್ಪನ ನೋಟ್‌ಬುಕ್ಕೂ ಸಾಹಿತ್ಯವಾಗುವ ಸಾಧ್ಯತೆ ಉಂಟು ಅಂತಾಯಿತು! ಬರೀ ಬೆವರು ಸುರಿಸಿದರೆ ಸಾಲದು, ಸ್ವಲ್ಪವಾದರೂ ಸ್ವಂತಿಕೆ ಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಯುರೋಪಿನಲ್ಲಿ ಮತ್ತೆ ಬೇರೆ. ಡೇಟಾಬೇಸ್ ಕಟ್ಟಲು ಖರ್ಚು ಮಾಡಿದವರಿಗೇ 1996ರಿಂದ ಒಂದು ಪ್ರತ್ಯೇಕ ಹಕ್ಕು ಉಂಟು. ಒಂದೇ ಫೈಲಿಗೆ ಒಂದೊಂದು ದೇಶದಲ್ಲಿ ಒಂದೊಂದು ನ್ಯಾಯ. ಈ ಗೊಂದಲದಲ್ಲಿ ಯಾರು ತಲೆ ಹಾಕುತ್ತಾರೆ? ಒಂದು ಸಾಲು ಬರೆದಿಟ್ಟರೆ ಮುಗಿಯಿತು.

ಯಾವ ಸಾಲು ಅನ್ನುವುದಕ್ಕೆ ನಾವು ಮೂವರು ಒಂದು ಸಂಜೆ ಪೂರ್ತಿ ಚರ್ಚೆ ಮಾಡಿದೆವು. ಡೇಟಾಗೆ ಕ್ರಿಯೇಟಿವ್ ಕಾಮನ್ಸ್ (ಚಿಕ್ಕದಾಗಿ ಸಿಸಿ) ಅನ್ನುವ ಸಂಸ್ಥೆಯವರು ಬರೆದಿಟ್ಟ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಲೈಸೆನ್ಸುಗಳು ಉಂಟು. ಸಿಸಿ ಝೀರೋ ಅಂದರೆ ನನ್ನದು ಅಂತ ಏನೂ ಇಲ್ಲ, ತಗೊಳ್ಳಿ. ಸಿಸಿ ಬೈ ಅಂದರೆ ತಗೊಳ್ಳಿ, ಹೆಸರು ಹೇಳಿ. ಬೈ ಅಂದರೆ ಬೈಯುವುದಲ್ಲ ಅಂತ ದೊಡ್ಡಪ್ಪನಿಗೆ ಎರಡು ಸಲ ಹೇಳಬೇಕಾಯಿತು. 2013ರಲ್ಲಿ ಬಂದ ಅದರ 4.0 ಆವೃತ್ತಿ ಯುರೋಪಿನ ಆ ಡೇಟಾಬೇಸ್ ಹಕ್ಕನ್ನೂ ಲೆಕ್ಕಕ್ಕೆ ತಗೊಂಡಿದೆ.

ದೊಡ್ಡಪ್ಪನ ಮನಸ್ಸು ಎಳೆದದ್ದು ಮೂರನೆಯದರ ಕಡೆ. ದುಡ್ಡು ಮಾಡುವವರು ಬಳಸಬಾರದು ಅನ್ನುವ ನಾನ್‌ಕಮರ್ಷಿಯಲ್ ಷರತ್ತು. ಕೇಳಲು ನ್ಯಾಯವೇ ಅನ್ನಿಸುತ್ತದೆ. ನಾನು ಬೇಡ ಅಂದೆ. ಜಾಹೀರಾತು ಇರುವ ಪೇಪರಿನವರು ನಿಮ್ಮ ಅಂಕಿ ಹಾಕಿದರೆ ಅದು ವ್ಯಾಪಾರವಾ? ಫೀಸು ತಗೊಳ್ಳುವ ಕಾಲೇಜು? ಅಡಿಕೆ ಕೊಳೆರೋಗಕ್ಕೆ ಯಾವಾಗ ಮದ್ದು ಬಿಡಬೇಕು ಅಂತ ಹೇಳುವ ಆ್ಯಪ್ ಒಂದನ್ನು ಯಾರೋ ಮಾಡಿ ತಿಂಗಳಿಗೆ 50 ರೂಪಾಯಿ ಇಟ್ಟರೆ? ಗೆರೆ ಎಲ್ಲಿ ಅಂತ ಯಾರಿಗೂ ಸ್ಪಷ್ಟ ಇಲ್ಲ. ಆಗ ಒಳ್ಳೆಯವರು ಹೆದರಿ ಬಿಡುತ್ತಾರೆ, ಕದಿಯುವವರು ಹೇಗೂ ಕದಿಯುತ್ತಾರೆ. ದೊಡ್ಡವರೂ ಇದನ್ನು ಅನುಭವಿಸಿಯೇ ಕಲಿತದ್ದು. ಸಿಎಂಐಪಿ 6 ಅಂತ, ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಜಗತ್ತಿನ ಮಾದರಿಗಳ ಒಂದು ದೊಡ್ಡ ಯೋಜನೆ ಉಂಟು, ನಮ್ಮ ಪುಣೆಯ ಐಐಟಿಎಂ ಸಂಸ್ಥೆಯ ಮಾದರಿಯೂ ಅದರಲ್ಲಿ ಸೇರಿದೆ. ಮೊದಲು ಅಲ್ಲಿ ಬಹಳ ಮಾದರಿಗಳ ಡೇಟಾಗೆ, ಇದರಿಂದ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಕೊಡಿ ಅಂತ ಇತ್ತು. ಕೆಲವಕ್ಕೆ ವ್ಯಾಪಾರ ಬೇಡ ಅಂತಲೂ ಇತ್ತು. ಆಮೇಲೆ ಹೆಚ್ಚಿನವರು ಸಡಿಲ ಮಾಡಿ ಸಿಸಿ ಬೈಗೆ ಬಂದರು.

ಬಿಗಿ ಹಿಡಿದರೆ ಎಂತ ಆಗುತ್ತದೆ ಅನ್ನುವುದಕ್ಕೆ 2009ರ ನವೆಂಬರ್ ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧಕರ ಮೇಲ್‌ಗಳು ಕಳುವಾಗಿ ಬಯಲಿಗೆ ಬಂದು ದೊಡ್ಡ ಗಲಾಟೆ ಆಯಿತು. ಅವರ ತಾಪಮಾನದ ಡೇಟಾದಲ್ಲಿ ಕೆಲವು ಬೇರೆ ದೇಶಗಳಿಂದ ಬಂದದ್ದು, ಯಾರಿಗೂ ಹಂಚಬಾರದು ಅಂತ ಒಪ್ಪಂದ ಮಾಡಿಕೊಂಡದ್ದು. ಕೊಡುವಂತಿಲ್ಲ, ಕೊಡದಿದ್ದರೆ ಅನುಮಾನ. ಮರುವರ್ಷ ತನಿಖೆ ಮಾಡಿದವರು ಎಲ್ಲರಿಗೂ ಸಿಗುವ ಡೇಟಾ ತಗೊಂಡು, ತಾವೇ ಕೋಡ್ ಬರೆದು, ಎರಡು ದಿನದೊಳಗೆ ಹೆಚ್ಚುಕಡಿಮೆ ಅದೇ ಫಲಿತಾಂಶ ತೆಗೆದು ತೋರಿಸಿದರು. ಅತ್ತ ನಾಸಾದ ಗಿಸ್ ಸಂಸ್ಥೆ 2007ರಲ್ಲೇ ತನ್ನ ತಾಪಮಾನ ಲೆಕ್ಕದ ಕೋಡನ್ನು ಬಿಟ್ಟುಕೊಟ್ಟಿತ್ತು. ಹಳೇ ಫೋರ್ಟ್ರಾನ್ ಭಾಷೆಯದು. ಸ್ವಯಂಸೇವಕರು ಅದನ್ನು ಪೈಥಾನಿನಲ್ಲಿ ಮತ್ತೆ ಬರೆದರು. ಸಣ್ಣಪುಟ್ಟ ತಪ್ಪು ಸಿಕ್ಕಿತು, ಫಲಿತಾಂಶ ಬದಲಾಗಲಿಲ್ಲ.

ಡೇಟಾಗೆ ಸಿಸಿ ಬೈ ಅಂತಾಯಿತು. ಈಗ ಹುಡುಗಿಯ ಕೋಡಿನ, ಅಂದರೆ ಆ ಪ್ರೋಗ್ರಾಮಿನ ವಿಷಯ. ಅದಕ್ಕೂ ಸಿಸಿ ಬೈ ಹಾಕಿಬಿಡೋಣ ಅಂತ ಅವಳು ಹೊರಟಿದ್ದಳು. ಬೇಡ, ಸಾಫ್ಟ್‌ವೇರಿಗೆ ನಮ್ಮದನ್ನು ಹಾಕಬೇಡಿ ಅಂತ ಕ್ರಿಯೇಟಿವ್ ಕಾಮನ್ಸ್‌ನವರೇ ಹೇಳುತ್ತಾರೆ. ಕೋಡಿಗೆ ಬೇರೆ ಲೈಸೆನ್ಸುಗಳಿವೆ. ಎಂಐಟಿ ಲೈಸೆನ್ಸ್ ಹಾಕಬಹುದು ಅಂದಾಗ ದೊಡ್ಡಪ್ಪ, "ಕಾಲೇಜಿನವರನ್ನು ಕೇಳಬೇಕಾ?" ಅಂದರು. ನಮ್ಮ ಕಡೆ ಎಂಐಟಿ ಅಂದರೆ ಮಣಿಪಾಲದ ಇಂಜಿನಿಯರಿಂಗ್ ಕಾಲೇಜೇ ತಾನೆ! ಅಲ್ಲ, ಇದು ಅಮೆರಿಕದ ಎಂಐಟಿ, ಮ್ಯಾಸಚೂಸೆಟ್ಸಿನದು. ಇನ್ನೊಂದು ಜಿಪಿಎಲ್. ಅದನ್ನು ನಾನು ಹೆಪ್ಪಿನ ಲೆಕ್ಕದಲ್ಲಿ ಹೇಳಿದೆ. ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದಿರಿ. ನಿಮ್ಮ ಮನೆಯಲ್ಲೇ ಉಂಡರೆ ಯಾರೂ ಕೇಳುವುದಿಲ್ಲ. ಆದರೆ ಆ ಮೊಸರನ್ನು ಇನ್ನೊಬ್ಬರಿಗೆ ಕೊಟ್ಟರೆ, ಹೆಪ್ಪು ಹಾಕುವ ಕ್ರಮವನ್ನೂ (ಅಂದರೆ ಕೋಡನ್ನು) ಕೊಡಬೇಕು, ಅವರೂ ಹಾಗೇ ಕೊಡಬಹುದು ಅಂತ ಬಿಡಬೇಕು. ಎಂಐಟಿಯಲ್ಲಿ ಅಷ್ಟು ಬಿಗಿ ಇಲ್ಲ, ನನ್ನ ಹೆಸರಿನ ಸಾಲು ಉಳಿಸಿಕೊಳ್ಳಿ, ಸಾಕು. ಅವಳು ಎಂಐಟಿ ಆರಿಸಿದಳು. ಇನ್ನೂರು ಸಾಲಿನ ಪ್ರೋಗ್ರಾಮಿಗೆ ಅದೇ ಸರಿ ಅಂತ ನನಗೂ ಅನ್ನಿಸಿತು. ವರ್ಷಗಟ್ಟಲೆ ಕೂತು ಮಾಡಿದ ದೊಡ್ಡ ಮಾದರಿಯಾಗಿದ್ದರೆ ಜಿಪಿಎಲ್ ಅನ್ನುತ್ತಿದ್ದೆ.

ಇದು ಇದ್ದ ಹಾಗೆ ಕೊಟ್ಟದ್ದು, ತಪ್ಪಾದರೆ ನಾವು ಜವಾಬ್ದಾರರಲ್ಲ ಅಂತ ಎಂಐಟಿ ಲೈಸೆನ್ಸಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಮಾತುಂಟು. ಸಿಸಿ ಬೈನಲ್ಲೂ ಅಂಥದ್ದೇ ಒಂದು. ದೊಡ್ಡಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. 1997ರ ಜುಲೈಯಲ್ಲಿ ಜ್ವರ ಬಂದು ವಾರ ಪೂರ್ತಿ ಅಳೆಯದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಒಂದು ಎಡವಟ್ಟೂ ಸಿಕ್ಕಿತು. ಹೋಲಿಕೆಗೆ ಅಂತ ಅವಳು ಒಂದು ಕಚೇರಿಯ ಮಳೆ ಅಂಕಿಗಳನ್ನು ಇನ್ನೊಂದು ಕಾಲಮ್ಮಿಗೆ ಹಾಕಿದ್ದಳು. ಅದು ನಮ್ಮದಲ್ಲ, ನಮ್ಮದಲ್ಲದ್ದಕ್ಕೆ ನಾವು ಒಪ್ಪಿಗೆ ಬರೆಯಲು ಆಗುವುದಿಲ್ಲ. ಕೇಂದ್ರ ಸರ್ಕಾರದ ಓಪನ್ ಡೇಟಾ ಲೈಸೆನ್ಸ್ 2017ರಲ್ಲಿ ಬಂದಿದೆ, ಅದರ ಅಡಿಯಲ್ಲಿ ಬಿಟ್ಟದ್ದಾಗಿದ್ದರೆ ಮೂಲ ಹೇಳಿ ಬಳಸಬಹುದಿತ್ತು. ಇದು ಎಲ್ಲಿಂದ ಬಂತು ಅಂತ ಅವಳಿಗೇ ನೆನಪಿಲ್ಲ. ಆ ಕಾಲಮ್ಮು ತೆಗೆದೆವು.

ಕೊನೆಗೆ ದೊಡ್ಡಪ್ಪ ಒಂದು ಷರತ್ತು ಕೇಳಿದರು. ಯಾರಿಗಾದರೂ ತಪ್ಪು ಕಂಡರೆ ನನಗೆ ಹೇಳಬೇಕು. ನಾವು ನೋಡಿದ ಯಾವ ಲೈಸೆನ್ಸಿನಲ್ಲೂ ಅಂಥ ಮಾತಿಲ್ಲ. ನಾವೇ ಸೇರಿಸಿದರೆ ಅದು ಇನ್ನೊಂದು ಹೊಸ ಲೈಸೆನ್ಸ್ ಆಗಿ ಮತ್ತೆ ಜನ ಹೆದರುತ್ತಾರೆ. ಹಾಗಾಗಿ ಲೈಸೆನ್ಸಿಗೆ ಕೈ ಹಚ್ಚದೆ, ಜೊತೆಗಿಡುವ ರೀಡ್‌ಮಿ ಅನ್ನುವ ಪರಿಚಯದ ಫೈಲಿನಲ್ಲಿ ಬರೀ ವಿನಂತಿ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆವು.

ಮೊದಲು ಮೇಲ್ ಹಾಕಿದ್ದ ಸಂಶೋಧಕರೇ ಎರಡು ತಿಂಗಳ ಮೇಲೆ ಮತ್ತೆ ಬರೆದರು. 1994ರ ಜುಲೈ 19ಕ್ಕೆ 1,124 ಮಿಲಿಮೀಟರ್ ಅಂತ ಉಂಟಲ್ಲ, ಅದು ಸರಿಯಾ? ದೊಡ್ಡಪ್ಪ ಅಟ್ಟದಿಂದ ಆ ವರ್ಷದ ನೋಟ್‌ಬುಕ್ ಇಳಿಸಿ, ಕನ್ನಡಕ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದರು. 112.4 ಅಂತ ಬರೆದದ್ದು. ಚುಕ್ಕಿಯ ಮೇಲೆ ಆ ದಿನದ ಮಳೆಯದೇ ಒಂದು ಹನಿ ಬಿದ್ದು ಶಾಯಿ ಹರಡಿತ್ತು.